ಸ್ನ್ಯಾಪ್‌ಶಾಟ್ ಅಳಿಸುವ ಮುನ್ನ

ಕಲ್ಯಾಣ, ಡೊಂಬಿವಲಿಗಳಿಂದ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ರಬಾಳೆ, ಮಹಾಪೆ ಕಡೆಯ ಡೇಟಾ ಸೆಂಟರುಗಳಿಗೆ ರಾತ್ರಿ ಪಾಳಿಗೆ ಹೋಗುವ ವಾಚಕರು ನಮ್ಮಲ್ಲಿದ್ದಾರೆ. ಅವರಲ್ಲಿ ಹೊಸಬರನ್ನು ಅಂಜಿಸುವ ಅಪ್ಪಣೆಯೊಂದುಂಟು: "ಆ ಮುಖ್ಯ ಸರ್ವರಿನ ಹಳೆಯ ಸ್ನ್ಯಾಪ್‌ಶಾಟ್ ಅಳಿಸಿಬಿಡಿ." ಅಳಿಸಿದರೆ ಲೆಕ್ಕಪತ್ರವೆಲ್ಲ ಹೋದೀತೆಂದು ತಿಂಗಳುಗಟ್ಟಲೆ ಮುಟ್ಟದೆ ಬಿಡುವವರಿದ್ದಾರೆ. ಬಿಡುವದೇ ಹೆಚ್ಚಿನ ಅಪಾಯ.

(ನಮ್ಮ ಮಾತಿನಲ್ಲಿ ಫೋಟೋ 'ತೆಗೆಯುವದು' ಬೇರೆ, ಕಸ 'ತೆಗೆಯುವದು' ಬೇರೆ. ಗೊಂದಲವಾಗದಿರಲೆಂದು ಇಲ್ಲಿ 'ಹಿಡಿಯುವದು', 'ಅಳಿಸುವದು' ಎಂದೇ ಬರೆಯುತ್ತೇವೆ.)

ವರ್ಚುವಲ್ ಸರ್ವರಿನ ಡಿಸ್ಕು ಎಂದರೆ ಒಂದು ದೊಡ್ಡ ಫೈಲು. ಗಿರಣಿಯ ವಹಿಯಂತೆಂದು ತಿಳಿಯೋಣ. ಸ್ನ್ಯಾಪ್‌ಶಾಟ್ ಹಿಡಿದ ಕ್ಷಣದಿಂದ ಮೂಲ ವಹಿಗೆ ಮೊಹರು ಬೀಳುತ್ತದೆ. ಮುಂದಿನ ಬರಹವೆಲ್ಲ ಬಿಡಿ ಹಾಳೆಗಳಲ್ಲಿ. 'ಅಳಿಸು' ಎಂದರೆ ಆ ಹಾಳೆಗಳನ್ನು ಹರಿದೊಗೆಯುವದಲ್ಲ, ಅವುಗಳ ಬರಹವನ್ನು ಮೂಲ ವಹಿಗೆ ಇಳಿಸಿ ಆಮೇಲೆ ಹಾಳೆ ಬಿಸುಡುವದು. ಇಂದಿನ ಲೆಕ್ಕ ಹಾಗೆಯೇ ಉಳಿಯುತ್ತದೆ. ಹೋಗುವದು ಹಿಂದಕ್ಕೆ ಮರಳುವ ದಾರಿ ಮಾತ್ರ. ನಿಜವಾಗಿ ಅಂಜಬೇಕಾದದ್ದು ಪಕ್ಕದ 'ರಿವರ್ಟ್' ಗುಂಡಿಗೆ. ಅದನ್ನು ಒತ್ತಿದರೆ ಸ್ನ್ಯಾಪ್‌ಶಾಟ್ ಹಿಡಿದಂದಿನಿಂದ ಬರೆದದ್ದೆಲ್ಲ ಹೋಗುತ್ತದೆ.

ಬಿಡಿ ಹಾಳೆಗಳು ಬೆಳೆದು ಮೂಲ ಡಿಸ್ಕಿನಷ್ಟೇ ದೊಡ್ಡವಾಗಬಲ್ಲವು. ಡೇಟಾಸ್ಟೋರಿನಲ್ಲಿ ಜಾಗ ಮುಗಿದರೆ ಅಲ್ಲಿರುವ ಇತರ ಸರ್ವರುಗಳೂ ನಿಂತಾವು. ಆದ್ದರಿಂದಲೇ ವಿಎಂವೇರ್‌ನವರು ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬಾರದೆನ್ನುತ್ತಾರೆ. ಸರಪಳಿಯಲ್ಲಿ 32ರವರೆಗೆ ಅವಕಾಶವಿದ್ದರೂ 2-3 ಸಾಕೆಂಬುದು ಅವರದೇ ಸಲಹೆ. ಇದನ್ನು ಬ್ಯಾಕಪ್ ಎಂದು ನಂಬಿ ಕೂಡುವದಂತೂ ಶುದ್ಧ ತಪ್ಪು. ಮೂಲ ವಹಿ ಸುಟ್ಟರೆ ಬಿಡಿ ಹಾಳೆಗಳಿಂದ ಏನು ಪ್ರಯೋಜನ?

ಆದುದರಿಂದ ಮೊದಲು ಬೇರೆ ಕಡೆ ನಿಜವಾದ ಬ್ಯಾಕಪ್ ಇದೆಯೇ, ಅದು ಮುಗಿದಿದೆಯೇ ನೋಡಬೇಕು. ಬ್ಯಾಕಪ್ ನಡೆಯುತ್ತಿರುವಾಗ ಅಳಿಸಹೋಗಬಾರದು. ಖಾಲಿ ಜಾಗವನ್ನೂ ನೋಡಬೇಕು: ಬರಹ ಇಳಿಸುತ್ತಿರುವಾಗಲೂ ಸರ್ವರು ಹೊಸದನ್ನು ಬರೆಯುತ್ತಲೇ ಇರುತ್ತದೆ, ಅದಕ್ಕೆ ಮತ್ತೊಂದು ತಾತ್ಕಾಲಿಕ ಹಾಳೆ ಬೇಕಾದೀತು, 'ಥಿನ್' ಡಿಸ್ಕಾದರೆ ಮೂಲ ಫೈಲೂ ಬೆಳೆಯುತ್ತದೆ. ಡಿಸ್ಕಿಗೆ ಭಾರ ಬೀಳುವ ಕೆಲಸವಾದ್ದರಿಂದ ಗದ್ದಲವಿಲ್ಲದ ವೇಳೆ ಆರಿಸಿ, ಮೇಲಿನವರ ಲಿಖಿತ ಒಪ್ಪಿಗೆ ಪಡೆಯುವದು ಒಳ್ಳೆಯದು. ಪಗಾರದ ದಿನವಂತೂ ಬೇಡ. ಕೊನೆಯ ಲೋಕಲ್ ಹಿಡಿಯುವ ಅವಸರದಲ್ಲಿಯೂ ಇದನ್ನು ಆರಂಭಿಸಬಾರದು, ಏಕೆಂದರೆ ದೊಡ್ಡ ಸ್ನ್ಯಾಪ್‌ಶಾಟಿಗೆ ಹಲವು ಗಂಟೆಗಳೇ ಹಿಡಿದಾವು.

99 ಪ್ರತಿಶತಕ್ಕೆ ಬಂದು ಅಂಕಿ ಬಹಳ ಹೊತ್ತು ಅಲುಗದೆ ನಿಲ್ಲುವದುಂಟು. ಕೆಲಸ ನಿಂತಿತೆಂದು ತಿಳಿದು ರದ್ದು ಮಾಡುವದಾಗಲಿ, ಸರ್ವರನ್ನು ಆರಿಸುವದಾಗಲಿ, ಫೈಲುಗಳನ್ನು ಕೈಯಿಂದ ಅಳಿಸುವದಾಗಲಿ ಸರ್ವಥಾ ಕೂಡದು. ಡಿಸ್ಕಿನಲ್ಲಿ ಓದು-ಬರಹ ನಡೆಯುತ್ತಿದೆಯೇ ನೋಡಿದರೆ ಸಾಕು. ಕೊನೆಗೆ ಸರ್ವರು ಕ್ಷಣಕಾಲ ಸ್ತಬ್ಧವಾಗುತ್ತದೆ. ಜೋಡಿ ಸರ್ವರುಗಳಿರುವಲ್ಲಿ ಒಂದು ಸತ್ತಿತೆಂದು ಇನ್ನೊಂದು ಭ್ರಮಿಸೀತು, ಡೇಟಾಬೇಸ್ ನೋಡಿಕೊಳ್ಳುವವರಿಗೆ ಮುಂಚೆಯೇ ಹೇಳಿರಬೇಕು.

ಪಟ್ಟಿಯಲ್ಲಿ ಹೆಸರು ಮಾಯವಾದರೂ ಬಿಡಿ ಹಾಳೆಗಳು ಹಿಂದುಳಿಯುವದುಂಟು. 'ಕನ್ಸಾಲಿಡೇಶನ್ ಬೇಕು' ಎಂಬ ಸೂಚನೆ ಕಂಡರೆ ಅದೇ ಹೆಸರಿನ ಆಜ್ಞೆಯನ್ನು ಕೊಟ್ಟು, ಸರ್ವರು ಮತ್ತೆ ಮೂಲ ಡಿಸ್ಕಿನ ಮೇಲೆಯೇ ಬರೆಯುತ್ತಿದೆಯೆಂದು ಖಾತರಿ ಮಾಡಿಕೊಂಡು ಪಾಳಿಯ ರಿಜಿಸ್ಟರಿನಲ್ಲಿ ವೇಳೆಸಹಿತ ಬರೆದಿಡಬೇಕು.