ನೊಣ ಹೊಡೆಯಲು ಹುಟ್ಟಿದ್ದು, ಜಾಝ್ ನುಡಿಸಲು ಬೆಳೆದದ್ದು

1913ರಲ್ಲಿ ಲೂಯಿ ಆಲಿಸ್, ಅಡಾಲ್ಫ್ ವೀನ್ಸ್ ಎಂಬಿಬ್ಬರಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಯಾವುದಕ್ಕೆ ಅಂತೀರಿ? ನೊಣ ಹೊಡೆಯುವ ಸಾಧನಕ್ಕೆ! ಕೈಯಲ್ಲಿ ಹಿಡಿಯಲು ಒಂದು ಹಿಡಿ, ಅದರ ತುದಿಯಿಂದ ಬೀಸಣಿಗೆಯಾಗಿ ಬಿಚ್ಚಿಕೊಳ್ಳುವ ಸಣ್ಣ ತಂತಿಗಳು, ಕೆಲಸ ಮುಗಿದ ಮೇಲೆ ತಂತಿಗಳನ್ನು ಒಳಗೆ ಎಳೆದುಕೊಂಡರಾಯಿತು. ಅಮೆರಿಕದ ನೊಣಗಳ ಪುಣ್ಯ, ಅದು ಡ್ರಮ್ಮರುಗಳ ಕೈಗೆ ಸಿಕ್ಕಿತು. 1920ರ ದಶಕದ ಹೊತ್ತಿಗೆ ಷಿಕಾಗೋದ ಲಡ್ವಿಗ್ ಕಂಪನಿ ಅದೇ ಬಗೆಯ ತಂತಿಯ ಕಟ್ಟನ್ನು ‘ಜಾಝ್ ಸ್ಟಿಕ್ಸ್’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಇಂದು ಜಗತ್ತಿನ ಯಾವ ಜಾಝ್ ಡ್ರಮ್ಮರನ ಚೀಲ ತೆಗೆದರೂ ಇಂಥ ತಂತಿಯ ಒಂದು ಜೊತೆ ಬ್ರಷ್ ಇದ್ದೇ ಇರುತ್ತದೆ. ಈಗಲೂ ಅದೇ ಹಿಡಿ, ಅದೇ ತಂತಿಗಳ ಬೀಸಣಿಗೆ, ಅದೇ ಒಳಗೆಳೆದುಕೊಳ್ಳುವ ಉಪಾಯ!

ಬ್ರಷ್ ಕಲಿಯಲು ಕೂತ ಮೇಲೆ ನನಗೆ ತಿಳಿದ ದೊಡ್ಡ ಬೆರಗು ಬೇರೆಯೇ. ಡ್ರಮ್ ಎಂದರೆ ಪೆಟ್ಟು ಎಂದೇ ನಾವು ತಿಳಿದಿರುವುದು. ಕೋಲಿನಿಂದ ಒಂದು ಏಟು ಕೊಟ್ಟರೆ ‘ಟಪ್’ ಎಂದು ಹುಟ್ಟಿ ಅಲ್ಲೇ ಸತ್ತಿತು. ಪಿಟೀಲಿನವರು ಕಮಾನು ಎಳೆದಷ್ಟು ಹೊತ್ತು ಸ್ವರ ನಿಲ್ಲುತ್ತದೆ, ಕೊಳಲಿನವರಿಗೆ ಉಸಿರಿರುವಷ್ಟು ಹೊತ್ತು ನಿಲ್ಲುತ್ತದೆ, ಪಾಪ, ಡ್ರಮ್ಮಿನವನಿಗೆ ಮಾತ್ರ ಆ ಭಾಗ್ಯವಿಲ್ಲ. ಬ್ರಷ್ ಹಿಡಿದ ಕ್ಷಣ ಆ ಕೊರತೆಯೇ ಕಳೆದುಹೋಯಿತು! ತಂತಿಗಳನ್ನು ಮುಚ್ಚಿಗೆಯ ಮೇಲೆ ಒರಗಿಸಿ ಎಳೆದರೆ, ಎಳೆದಷ್ಟೂ ಹೊತ್ತು ‘ಸ್ಸ್ಸ್ಸ್’ ಎಂಬ ನಾದ. ಬೆಳಗಿನ ಜಾವ ಅಂಗಳಕ್ಕೆ ಬೀಳುವ ಕಡ್ಡಿಪೊರಕೆಯ ಸದ್ದು ನೆನಪಿದ್ದವರಿಗೆ ಇದು ಹೊಸದೇನಲ್ಲ. ಆದರೆ ಆ ಸದ್ದಿಗೆ ತಾಳ ಕೂಡಿದಾಗ ಏನಾಗುತ್ತದೆ ಎಂಬುದನ್ನು ಕೇಳಿಯೇ ನಂಬಬೇಕು.

ಅತಿವಿಳಂಬ ಕಾಲದ ಒಂದು ಹಾಡು ಅಂದುಕೊಳ್ಳಿ, ನಿಮಿಷಕ್ಕೆ ಅರವತ್ತೇ ಪೆಟ್ಟು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇಡೀ ಒಂದು ಸೆಕೆಂಡ್. ಕೋಲಿನವನಿಗೆ ಅದು ಬರಿದಾದ ಬಯಲು, ಏನಾದರೂ ತುರುಕೋಣ ಎಂದು ಕೈ ಚಡಪಡಿಸುತ್ತದೆ. ಬ್ರಷ್‌ನವನಿಗೆ ಆ ಬಯಲೇ ಮನೆ. ಪೆಟ್ಟಿನ ಬಗ್ಗೆ ಅವನಿಗೆ ಚಿಂತೆಯೇ ಇಲ್ಲ. ಒಂದು ಪೆಟ್ಟಿನಿಂದ ಮುಂದಿನದಕ್ಕೆ ಕಾಲ ಹೇಗೆ ಸರಿಯುತ್ತದೆ ಎಂಬುದನ್ನೇ ಅವನು ನುಡಿಸುತ್ತಾನೆ!

ಹೇಗೆ? ಎದುರಿಗಿರುವ ಸ್ನೇರ್ ಡ್ರಮ್ಮಿನ ಹದಿನಾಲ್ಕು ಅಂಗುಲದ ಮುಚ್ಚಿಗೆಯನ್ನು ಗಡಿಯಾರದ ಮುಖ ಎಂದುಕೊಳ್ಳಿ. ಎಡಗೈಯ ಬ್ರಷ್ ಮೇಲೇಳದೆ ಅದರ ಮೇಲೆ ವೃತ್ತ ಬರೆಯುತ್ತಲೇ ಇರುತ್ತದೆ. ಬಲಗೈ ಅದೇ ಹೊತ್ತಿಗೆ ಮೆಲ್ಲಗೆ ತಟ್ಟುತ್ತದೆ: ‘ಡಿಂಗ್, ಡಿಂಗ್‌-ಡ-ಡಿಂಗ್’, ಜಾಝ್‌ನ ಎದೆಬಡಿತವೇ ಆದ ಆ ಸ್ವಿಂಗ್ ನಡೆ. ಎಡಪಾದ ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಹೈ-ಹ್ಯಾಟ್ ಎಂಬ ಜೋಡಿ ತಾಳವನ್ನು ಮುಚ್ಚುತ್ತದೆ. ಬಲಪಾದ ದೊಡ್ಡ ಡ್ರಮ್ಮನ್ನು ಕೇಳಿಸಿಯೂ ಕೇಳಿಸದ ಹಾಗೆ ಮುಟ್ಟುತ್ತದೆ. ನಾಲ್ಕು ಅಂಗ, ನಾಲ್ಕು ಕೆಲಸ, ಅದರಲ್ಲಿ ಒಂದಂತೂ ದುಂಡಗೆ ಸುತ್ತುತ್ತಿದೆ! ಎಡಗೈ ಸುತ್ತುವಾಗ ಬಲಗೈಯೂ ಸುತ್ತಲು ಹೊರಡುತ್ತದೆ, ಬಲಗೈ ತಟ್ಟಿದರೆ ಎಡಗೈಯೂ ತಟ್ಟಿಬಿಡುತ್ತದೆ, ಹೊಸಬರ ಪಾಡು ಎಲ್ಲೆಲ್ಲೂ ಇದೇ. ಗಡಿಯಾರದ ದಿಕ್ಕಿಗೆ ಸುತ್ತಬೇಕೋ ಎದುರು ದಿಕ್ಕಿಗೋ ಎಂದು ಕೇಳಿದರೆ ಒಬ್ಬೊಬ್ಬ ಗುರು ಒಂದೊಂದು ಹೇಳುತ್ತಾರೆ, ಎಲ್ಲರದೂ ಸರಿಯೇ. ನಿಧಾನದ ಹಾಡಿನಲ್ಲಂತೂ ಎರಡೂ ಕೈ ಸುತ್ತುತ್ತವೆ, ಒಂದರ ದಾರಿಗೆ ಇನ್ನೊಂದು ಅಡ್ಡ ಬರದಂತೆ.

ಇನ್ನು ಗುಟ್ಟಿನ ಮಾತು. ವೃತ್ತವನ್ನು ಒಂದೇ ವೇಗದಲ್ಲಿ ಸುತ್ತಿದರೆ ಬರುವುದು ಬರೀ ಸರಸರ. ಅದರಲ್ಲಿ ತಾಳವಿಲ್ಲ. ಕೈ ಬೇಗ ಸರಿದಷ್ಟೂ ಸದ್ದು ಜೋರು, ಹೊಳಪೂ ಹೆಚ್ಚು, ನಿಧಾನವಾದರೆ ಮಂಕು. ಹಾಗಾಗಿ ಪೆಟ್ಟು ಬೀಳುವ ಜಾಗ ಹತ್ತಿರವಾದಂತೆ ಕೈಗೆ ಒಂದಿಷ್ಟು ವೇಗ, ಒಂದು ಕೂದಲೆಳೆಯಷ್ಟು ಒತ್ತಡ ಕೊಟ್ಟು, ದಾಟಿದೊಡನೆ ಸಡಿಲ ಬಿಡಬೇಕು. ಆಗ ನೋಡಿ, ಎಲ್ಲೂ ಹೊಡೆಯದೆಯೇ ಹೊಡೆತ ಕೇಳಿಸುತ್ತದೆ! ಸದ್ದು ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ಡ್ರಮ್ ಉಸಿರಾಡುತ್ತಿದೆ ಎಂದು ಕೈಗೇ ಗೊತ್ತಾಗುತ್ತದೆ.

ಇದಕ್ಕೆಲ್ಲ ಮುಚ್ಚಿಗೆ ತರಿತರಿಯಾಗಿರಬೇಕು. ತಂತಿಯ ತುದಿಗಳು ಸಣ್ಣ ಸಣ್ಣ ಉಬ್ಬುಗಳಿಗೆ ಸಿಕ್ಕಿಕೊಂಡು, ಬಿಡಿಸಿಕೊಂಡು, ಮತ್ತೆ ಸಿಕ್ಕಿಕೊಂಡು ಓಡುವುದರಿಂದಲೇ ಆ ನಾದ. ನುಣುಪಾದ ಪ್ಲಾಸ್ಟಿಕ್ ಮೇಲೆ ಎಳೆದರೆ ಬ್ರಷ್ ಮೂಕ. ಹಳೆಯ ಕಾಲದಲ್ಲಿ ಕರುವಿನ ಚರ್ಮ ಇರುತ್ತಿತ್ತು, ಮಳೆ ಬಂದರೆ ಸಡಿಲ, ಬಿಸಿಲಿಗೆ ಬಿಗಿ. ಮೃದಂಗದವರಿಗೆ ಈ ಕಷ್ಟ ಹೇಳಿಕೊಡಬೇಕಿಲ್ಲ. 1950ರ ದಶಕದ ನಡುವೆ ಪ್ಲಾಸ್ಟಿಕ್ ಮುಚ್ಚಿಗೆ ಬಂತು, 1957ರಲ್ಲಿ ರೆಮೋ ಬೆಲ್ಲಿ ಅದಕ್ಕಾಗಿಯೇ ಕಂಪನಿ ತೆರೆದ. ಅದರ ಮೇಲೆ ಒರಟು ಬಿಳಿ ಲೇಪ ಹಚ್ಚಿದ ಮೇಲೆ ಬ್ರಷ್‌ಗೆ ಬಾಯಿ ಬಂತು. ನುಡಿಸಿ ನುಡಿಸಿ ಲೇಪ ಸವೆದರೆ ಮತ್ತೆ ಮೂಕವೇ.

ಚರಿತ್ರೆಯಂತೂ ಇನ್ನೂ ಚೆಂದ. ನ್ಯೂ ಆರ್ಲಿಯನ್ಸ್‌ನ ಡ್ರಮ್ಮರ್ ಬೇಬಿ ಡಾಡ್ಸ್ ಭಾರೀ ಕೈಯವನು. ಅವನ ಸದ್ದು ಕಡಿಮೆಯಾಗಲಿ ಎಂದು ಬ್ಯಾಂಡಿನ ಯಜಮಾನ ಕಿಂಗ್ ಆಲಿವರ್ ಒಂದು ಜೊತೆ ಬ್ರಷ್ ತಂದುಕೊಟ್ಟ. ಡಾಡ್ಸ್‌ಗೆ ಅದು ಹಿಡಿಸಲೇ ಇಲ್ಲ, ಬ್ರಷ್‌ನಲ್ಲೂ ಜೋರಾಗಿಯೇ ಬಾರಿಸಿದೆ ಎಂದು ತಾನೇ ಹೇಳಿಕೊಂಡಿದ್ದಾನೆ! 1925ರ ಸುಮಾರಿಗೆ ಮೈಕ್ರೊಫೋನಿನ ಮೂಲಕ ಧ್ವನಿಮುದ್ರಣ ಶುರುವಾದ ಮೇಲೆ ಮೆಲುದನಿಗೂ ಗ್ರಾಮಫೋನ್ ತಟ್ಟೆಯಲ್ಲಿ ಜಾಗ ಸಿಕ್ಕಿತು. ಮೌಂಡ್ ಸಿಟಿ ಬ್ಲೂ ಬ್ಲೋಯರ್ಸ್ ತಂಡದ ಜಾಷ್ ಬಿಲ್ಲಿಂಗ್ಸ್ ಅಂತೂ ಡ್ರಮ್ಮನ್ನೇ ಬಿಟ್ಟ. ಸೂಟ್‌ಕೇಸ್ ಮುಂದಿಟ್ಟುಕೊಂಡು ಪುಟ್ಟ ಪೊರಕೆಗಳಿಂದ ನುಡಿಸಿದ. ಕೋಲ್ಮನ್ ಹಾಕಿನ್ಸ್‌ನಂಥ ಮಹಾ ಸ್ಯಾಕ್ಸೊಫೋನ್ ವಾದಕ 1929ರಲ್ಲಿ ಆ ತಂಡದ ಜೊತೆ ಧ್ವನಿಮುದ್ರಣಕ್ಕೆ ಬಂದ ಎಂದರೆ ಆ ಸೂಟ್‌ಕೇಸಿನ ಮರ್ಯಾದೆ ಎಷ್ಟಿರಬೇಕು!

ಆಮೇಲೆ ಬಂದರು ಇಬ್ಬರು ಜೋನ್ಸ್‌ಗಳು. ಕೌಂಟ್ ಬೇಸಿಯ ಬ್ಯಾಂಡಿನ ಜೋ ಜೋನ್ಸ್, ಮೈಲ್ಸ್ ಡೇವಿಸ್ ತಂಡದ ಫಿಲಿ ಜೋ ಜೋನ್ಸ್. ನಂಟರಲ್ಲ, ಆದರೆ ಒಂದು ನಂಟಿದೆ: ಇಬ್ಬರೂ ಟ್ಯಾಪ್ ನೃತ್ಯ ಬಲ್ಲವರು. ಬ್ರಷ್‌ನ ಲಾಲಿತ್ಯದ ಬೇರು ಎಲ್ಲಿದೆ ಎಂದು ಹುಡುಕಿದರೆ ನರ್ತಕರ ಪಾದ ಸಿಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ‘ಸ್ಯಾಂಡ್‌ಮನ್’ ಸಿಮ್ಸ್ ಎಂಬ ನರ್ತಕನಿದ್ದ. ಹಲಗೆಯ ಮೇಲೆ ಮರಳು ಚೆಲ್ಲಿ, ಅದರ ಮೇಲೆ ಪಾದ ಜಾರಿಸಿ, ಒರೆಸಿ, ತಟ್ಟಿ ಲಯ ಹುಟ್ಟಿಸುತ್ತಿದ್ದ. ಕಣ್ಣು ಮುಚ್ಚಿ ಕೇಳಿದರೆ ಅದು ಬ್ರಷ್ಷೋ ಪಾದವೋ ಹೇಳುವುದು ಕಷ್ಟ! ಬ್ರಷ್ ಎಂದರೆ ಮೆತ್ತಗೆ, ನಿಧಾನ ಎಂದುಕೊಂಡವರು ಫಿಲಿ ಜೋ ‘ಬಿಲ್ಲಿ ಬಾಯ್’ನಲ್ಲಿ ಮಾಡುವ ಓಟ ಕೇಳಬೇಕು. 1958ರ ‘ಮೈಲ್‌ಸ್ಟೋನ್ಸ್’ ಆಲ್ಬಮ್ಮಿನಲ್ಲಿದೆ.

ಇಷ್ಟೆಲ್ಲ ಬರೆದಿಡುವುದು ಹೇಗೆ? ಪಾಶ್ಚಾತ್ಯ ಸ್ವರಲಿಪಿಯಲ್ಲಿ ಪೆಟ್ಟಿಗೆ ಚುಕ್ಕಿಯಿದೆ, ಜಾರುವ ಕೈಗೆ ಗುರುತಿಲ್ಲ. ಬ್ರಷ್ ಪುಸ್ತಕಗಳಲ್ಲಿ ಅದಕ್ಕಾಗಿ ಚಿತ್ರಗಳೇ ಇರುತ್ತವೆ: ದುಂಡು ಮುಚ್ಚಿಗೆ, ಅದರೊಳಗೆ ಬಾಣಗಳು, ಸುರುಳಿಗಳು, ಅಂಕಿಗಳು. ಆಸ್ಕರ್ ಪೀಟರ್‌ಸನ್ ಜೊತೆ 1959ರಿಂದ 1965ರವರೆಗೆ ನುಡಿಸಿದ ಎಡ್ ಥಿಗ್‌ಪೆನ್ ಹೀಗೆ ಬರೆದ ‘ದ ಸೌಂಡ್ ಆಫ್ ಬ್ರಷಸ್’ ಕಲಿಯುವವರ ಪಾಲಿಗೆ ಗುರುವೇ. ನಮ್ಮ ಮೃದಂಗದ ಗುಮುಕಿಯನ್ನೂ ಬರೆದಿಡುವುದು ಅಷ್ಟೇ ಕಷ್ಟ. ಎಡಗೈಯನ್ನು ಮುಚ್ಚಿಗೆಗೆ ಒತ್ತಿ ಜಾರಿಸಿದಾಗ ‘ಗುಂಊಂ’ ಎಂದು ಏರುವ ಆ ನಾದವೂ ಪೆಟ್ಟನ್ನು ಎಳೆಯುವ ಆಸೆಯಿಂದಲೇ ಹುಟ್ಟಿದ್ದು. ಎರಡು ಲೋಕಗಳೂ ಬೆಂಗಳೂರಿಗೆ ಅಪರಿಚಿತವಲ್ಲ: 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಮತ್ತವರ ತಂಡ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಆಲ್ಬಮ್ ಮಾಡಿದ್ದರು.

ಕೇಳಲು ಶುರುಮಾಡುವುದು ಎಲ್ಲಿಂದ ಎಂದರೆ ನಾನು ಎರಡೇ ಹೆಸರು ಹೇಳುತ್ತೇನೆ. ಮೈಲ್ಸ್ ಡೇವಿಸ್‌ನ 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ‘ಬ್ಲೂ ಇನ್ ಗ್ರೀನ್’ನಲ್ಲಿ ಡ್ರಮ್ಮರ್ ಜಿಮ್ಮಿ ಕಾಬ್. ತಾನಿಲ್ಲವೇನೋ ಎಂಬಂತೆ ಇರುತ್ತಾನೆ, ಅವನನ್ನು ತೆಗೆದರೆ ಹಾಡು ಕುಸಿಯುತ್ತದೆ. ಇನ್ನೊಂದು, 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್ ಮೂವರ ತಂಡ ನುಡಿಸಿದ ‘ಮೈ ಫೂಲಿಷ್ ಹಾರ್ಟ್’. ಬಾಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದೇ ದಿನಕ್ಕೆ ಕಾರು ಅಪಘಾತದಲ್ಲಿ ತೀರಿಹೋದ, ಇಪ್ಪತ್ತೈದರ ಹುಡುಗ. ಡ್ರಮ್ಸ್‌ನಲ್ಲಿ ಪಾಲ್ ಮೋಷನ್. ಕುಡಿಯುವವರ ಗ್ಲಾಸಿನ ಕಿಣಿಕಿಣಿ, ಯಾರದೋ ಪಿಸುಮಾತು, ಇವೆಲ್ಲದರ ಮಧ್ಯೆ ಅವನ ಬ್ರಷ್. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದೇ ತಿಳಿಯದು! ಮೊದಲ ಸಲ ಪಿಯಾನೊ ಕೇಳಿ, ಅದು ಕೇಳಿಸಿಯೇ ತೀರುತ್ತದೆ. ಎರಡನೇ ಸಲ ಪಿಯಾನೊ ಮರೆತು, ಹಿಂದಿನ ಸರಸರವನ್ನಷ್ಟೇ ಹಿಂಬಾಲಿಸಿ. ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಅದು ಬ್ರಷ್ಷನ್ನೇ ನುಂಗಿಬಿಡುತ್ತದೆ, ಇಯರ್‌ಫೋನ್ ಹಾಕಿಕೊಳ್ಳಿ.

ಕಲಿಯಬೇಕೆನಿಸಿತೆ? ಡ್ರಮ್ ಸೆಟ್ಟಿನ ಬೆಲೆ ಕೇಳಿ ಹೆದರಬೇಡಿ. ಒಂದು ಜೊತೆ ಬ್ರಷ್ ಕೊಳ್ಳಿ, ಮನೆಗೆ ಬಂದ ಪಾರ್ಸಲ್ಲಿನ ರಟ್ಟಿನ ಡಬ್ಬಿ ಕತ್ತರಿಸಿ ಮೇಜಿನ ಮೇಲೆ ಹಾಸಿ, ಬೇಕಿದ್ದರೆ ಅದರ ಮೇಲೆ ಹಳೆಯ ದಿನಪತ್ರಿಕೆ. ಮೊದಲು ಎಡಗೈ ಒಂದೇ ಸುತ್ತಲಿ, ಅದಕ್ಕೆ ಬೇಸರ ಬರುವವರೆಗೆ. ಬಲಗೈಯನ್ನು ಆಮೇಲೆ ಕರೆಯಿರಿ. ರಾತ್ರಿ ಹನ್ನೊಂದಕ್ಕೂ ಅಭ್ಯಾಸ ಮಾಡಿ, ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲ.