ಮೂರೇ ಮತ, ನೂರಕ್ಕೆ ನೂರು ಮತದಾನ

ಥೇಮ್ಸ್ ನದಿಯ ಲ್ಯಾಂಬೆತ್ ಸೇತುವೆಗೆ ಕೆಂಪು ಬಣ್ಣ, ಅದರಾಚೆಯ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಹಸಿರು. ಲಂಡನ್ನಿಗೆ ಹೋದ ಕನ್ನಡಿಗರು ನದಿದಂಡೆಯ ಬಸವಣ್ಣನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ, ಸೇತುವೆಗಳ ಬಣ್ಣದ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ನನಗದನ್ನು ತೋರಿಸಿದವರು ನಲವತ್ತು ವರ್ಷದಿಂದ ಅಲ್ಲೇ ಬೇರುಬಿಟ್ಟಿರುವ ನನ್ನ ಸೋದರಮಾವ. ಬ್ರಿಟನ್ ಸಂಸತ್ತಿನ ಕೆಳಮನೆಯಲ್ಲಿ ಆಸನಗಳು ಹಸಿರು, ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೆಂಪು. ಯಾವ ಮನೆಗೆ ಯಾವ ಸೇತುವೆ ಹತ್ತಿರವೋ ಅದಕ್ಕೆ ಆ ಬಣ್ಣ. ಪ್ರತಿಮೆಯ ಹತ್ತಿರ ನದಿಗೆ ಮುಖ ಮಾಡಿ ನಿಂತರೆ ಬಲಗಡೆಗೆ ಕಾಣುವ ವಿಕ್ಟೋರಿಯಾ ಗೋಪುರವಿರುವುದು ಲಾರ್ಡ್ಸ್ ಕಡೆಯ ತುದಿಯಲ್ಲಿ. "ಬಸವಣ್ಣನಿಗೆ ಹತ್ತಿರ ಇರೋದು ಕೆಂಪು ಮನೆ ಕಣೋ. ಹಿರೀಮಗನಾಗಿ ಹುಟ್ಟಿದ್ದಕ್ಕೇ ಸೀಟು ಕೊಡ್ತಿದ್ದ ಮನೆ" ಎಂದು ಮಾವ ನಕ್ಕರು.

ಅವರೇ ಹೇಳಿದ ಒಂದು ಚುನಾವಣೆಯ ಕಥೆಯಿಂದಾಗಿ ನಾನು ಈ ಮನೆಯ ಹಿಂದೆ ಬಿದ್ದೆ. ಬಸವಣ್ಣನ ಪ್ರತಿಮೆ ಅನಾವರಣಗೊಂಡಿದ್ದು 2015ರ ನವೆಂಬರ್‌ನಲ್ಲಿ. ಅದಾದ ಐದೇ ತಿಂಗಳಿಗೆ, 2016ರ ಏಪ್ರಿಲ್‌ನಲ್ಲಿ, ಲಾರ್ಡ್ಸ್‌ನ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಕಣದಲ್ಲಿ ಏಳು ಮಂದಿ, ಮತದಾರರು ಮೂವರು. ಮೂವರೂ ಮತ ಹಾಕಿದರು. ಮೂರೂ ಮತಗಳು ವೈಕೌಂಟ್ ಥರ್ಸೊ ಒಬ್ಬರಿಗೇ ಬಿದ್ದವು. ಉಳಿದ ಆರು ಜನಕ್ಕೆ ಸೊನ್ನೆ. ನಮ್ಮ ಗ್ರಾಮ ಪಂಚಾಯಿತಿ ವಾರ್ಡಿನಲ್ಲಿ ಸೋತವನಿಗೂ ಮನೆಮಂದಿಯ ನಾಲ್ಕು ಓಟಾದರೂ ಸಿಗುತ್ತದೆ!

ಈ ಥರ್ಸೊ ಯಾರು? ಹೆಸರು ಜಾನ್ ಸಿಂಕ್ಲೇರ್. ಅಜ್ಜ ಆರ್ಚಿಬಾಲ್ಡ್ ಸಿಂಕ್ಲೇರ್ ಲಿಬರಲ್ ಪಕ್ಷದ ನಾಯಕರು, ಎರಡನೇ ಮಹಾಯುದ್ಧದ ಕಾಲದಲ್ಲಿ ಚರ್ಚಿಲ್ ಸರ್ಕಾರದ ವಾಯುಪಡೆ ಮಂತ್ರಿ. ಮೊಮ್ಮಗ ಹೋಟೆಲ್ ಉದ್ಯಮದಲ್ಲಿ ಪಳಗಿದವರು. 1995ರಲ್ಲಿ ತಂದೆ ತೀರಿಕೊಂಡಾಗ ಬಿರುದು ಬಂತು, ಬಿರುದಿನ ಜೊತೆ ಮೇಲ್ಮನೆಯ ಕುರ್ಚಿಯೂ ಬಂತು. 1999ರಲ್ಲಿ ಟೋನಿ ಬ್ಲೇರ್ ಸರ್ಕಾರ ವಂಶಪಾರಂಪರ್ಯದ ಲಾರ್ಡ್‌ಗಳನ್ನು ಹೊರಗೆ ಕಳುಹಿಸಿದಾಗ ಕುರ್ಚಿ ಹೋಯಿತು. ಥರ್ಸೊ ಜನರ ಮುಂದೆ ನಿಂತರು. 2001ರಲ್ಲಿ ಸ್ಕಾಟ್‌ಲೆಂಡಿನ ಉತ್ತರ ತುದಿಯ ಕ್ಷೇತ್ರದಿಂದ ಕೆಳಮನೆಗೆ ಗೆದ್ದು, ಹದಿನಾಲ್ಕು ವರ್ಷ ಅಲ್ಲಿದ್ದು, 2015ರಲ್ಲಿ ಸೋತರು. ಜನ ಬೇಡವೆಂದ ಮರುವರ್ಷವೇ ಮೂರು ಮತದ ಬಲದಿಂದ ಮೇಲ್ಮನೆಗೆ ವಾಪಸ್. ತಮಾಷೆಯೆಂದರೆ, ಆ ಸ್ಥಾನ ತೆರವಾಗಿದ್ದು ಲಾರ್ಡ್ ಏವ್‌ಬರಿ ತೀರಿಕೊಂಡಿದ್ದರಿಂದ. ಏವ್‌ಬರಿ, ಅಂದರೆ ಎರಿಕ್ ಲಬಕ್, 1962ರ ಆರ್ಪಿಂಗ್ಟನ್ ಉಪಚುನಾವಣೆಯಲ್ಲಿ ದೇಶವೇ ಬೆರಗಾಗುವಂತೆ ಗೆದ್ದಿದ್ದವರು. ಆ ಗೆಲುವನ್ನು ಕೊಟ್ಟವರು ಸಾವಿರಾರು ಸಾಮಾನ್ಯ ಮತದಾರರು.

ಮೂರೇ ಮತದಾರರು ಹೇಗೆ? 1999ರಲ್ಲಿ ಆರುನೂರಕ್ಕೂ ಹೆಚ್ಚು ಲಾರ್ಡ್‌ಗಳು ಹೋದರೂ, ತೆರೆಮರೆಯ ರಾಜಿಯಲ್ಲಿ 92 ಜನ ಉಳಿದರು. ಪೂರ್ತಿ ಸುಧಾರಣೆ ಆಗುವವರೆಗೆ ಮಾತ್ರ ಎಂದಾಗಿತ್ತು ಮಾತು. ಆ ಪೈಕಿ ಹೆಚ್ಚಿನ ಸ್ಥಾನಗಳಲ್ಲಿ ಯಾರಾದರೂ ಸತ್ತರೆ, ಅವರ ಪಕ್ಷದಲ್ಲಿ ಉಳಿದಿರುವ ವಂಶಸ್ಥ ಸದಸ್ಯರು ಹೊರಗಿರುವ ವಂಶಸ್ಥರಲ್ಲೊಬ್ಬರನ್ನು ಆರಿಸಬೇಕಿತ್ತು. ಏವ್‌ಬರಿ ಅವರ ಲಿಬರಲ್ ಡೆಮಾಕ್ರಾಟ್ ಪಕ್ಷದಲ್ಲಿ ಆಗ ಅಂಥವರು ಉಳಿದಿದ್ದುದೇ ಮೂರು ಜನ. ಮದುವೆಗೆ ಹಾಕಿದ ಚಪ್ಪರ ಮೊಮ್ಮಗುವಿನ ನಾಮಕರಣಕ್ಕೂ ನಿಂತಿದ್ದಂತೆ ಆ ತಾತ್ಕಾಲಿಕ ಏರ್ಪಾಟು ಕಾಲು ಶತಮಾನ ಬಾಳಿತು. ಇದನ್ನು ನಿಲ್ಲಿಸಲು ಅದೇ ಮನೆಯ ಲಾರ್ಡ್ ಗ್ರೋಕಾಟ್ ಮತ್ತೆ ಮತ್ತೆ ಖಾಸಗಿ ಮಸೂದೆ ತಂದರು, ದಡ ಸೇರಲಿಲ್ಲ.

ಇನ್ನು ಹಳೆಯ ಇತಿಹಾಸ. ಮಾವ ಏಳು ಶತಮಾನವನ್ನು ಒಂದು ಕಪ್ ಚಹಾದಲ್ಲಿ ಮುಗಿಸುತ್ತಾರೆ. ಅವರ ಲೆಕ್ಕದಲ್ಲಿ ಕಥೆ ಶುರುವಾಗುವುದೇ 1909ಕ್ಕೆ. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಸಿರಿವಂತರ ಮೇಲೆ ತೆರಿಗೆ ಹಾಕುವ ಬಜೆಟ್ ತಂದರು, ಜಮೀನ್ದಾರರೇ ತುಂಬಿದ್ದ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. 1910ರಲ್ಲಿ ಎರಡು ಚುನಾವಣೆಗಳಾಗಿ, 1911ರ ಕಾಯ್ದೆ ಮೇಲ್ಮನೆಯ ಹಲ್ಲು ಕಿತ್ತಿತು. ಮಸೂದೆಯನ್ನು ಕೊಲ್ಲುವಂತಿಲ್ಲ, ತಡೆಯಬಹುದು, ಅದೂ ಹಣಕಾಸಿನದಾದರೆ ಒಂದೇ ತಿಂಗಳು. ಬೇರೆ ಮಸೂದೆಗಳಿಗಿದ್ದ ಎರಡು ವರ್ಷದ ತಡೆ 1949ರಲ್ಲಿ ಒಂದು ವರ್ಷಕ್ಕಿಳಿಯಿತು. ವಂಶದ ಬದಲು ಜನರ ಆಧಾರದ ಮೇಲೆ ಮೇಲ್ಮನೆ ಕಟ್ಟುವ ಉದ್ದೇಶವಿದೆ, ಆದರೆ ಸದ್ಯಕ್ಕೆ ಆಗುವುದಿಲ್ಲ ಎಂದು 1911ರ ಕಾಯ್ದೆಯ ಪ್ರಸ್ತಾವನೆಯಲ್ಲೇ ಇದೆ. ಆ 'ಸದ್ಯಕ್ಕೆ' ನೂರು ವರ್ಷ ದಾಟಿತು. 2012ರಲ್ಲಿ ಸಮ್ಮಿಶ್ರ ಸರ್ಕಾರದ ಉಪಪ್ರಧಾನಿ ನಿಕ್ ಕ್ಲೆಗ್ ಶೇ 80ರಷ್ಟು ಸದಸ್ಯರನ್ನು ಚುನಾಯಿಸುವ ಮಸೂದೆ ತಂದರು, ಮಿತ್ರಪಕ್ಷದ 91 ಸಂಸದರೇ ತಿರುಗಿಬಿದ್ದು ಅದೂ ಮೂಲೆ ಸೇರಿತು.

ಈಗ ಮನೆಯಲ್ಲಿ ಹೆಚ್ಚಿನವರು 1958ರ ಕಾಯ್ದೆಯಿಂದ ಬಂದ ಜೀವಾವಧಿ ಲಾರ್ಡ್‌ಗಳು. (ಜೀವಾವಧಿ ಎಂದರೆ ನಮಗೆ ನೆನಪಾಗುವುದು ಶಿಕ್ಷೆ.) ಪ್ರಧಾನಿ ಸೂಚಿಸಿದವರು, ಸಂಖ್ಯೆಗೆ ಮಿತಿಯಿಲ್ಲ. ಜೊತೆಗೆ 26 ಬಿಷಪ್‌ಗಳು. ಸಭಾಪತಿ ಕೂರುವುದು ಕುರ್ಚಿಯ ಮೇಲಲ್ಲ, ಉಣ್ಣೆ ತುಂಬಿದ ಕೆಂಪು ದಿಂಬಿನ ಮೇಲೆ. ಇಂಗ್ಲೆಂಡಿನ ಸಿರಿ ಉಣ್ಣೆಯಿಂದ ಬಂತೆಂಬುದರ ಗುರುತು ಅದು. 1938ರಲ್ಲಿ ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ಕುದುರೆ ಕೂದಲು! ಆಮೇಲೆ ಕಾಮನ್‌ವೆಲ್ತ್ ದೇಶಗಳ ಉಣ್ಣೆ ತುಂಬಿಸಿದರು.

ಇಷ್ಟೆಲ್ಲ ಆಡಿಕೊಂಡ ಮೇಲೂ ಒಂದು ಮಾತು ಒಪ್ಪಲೇಬೇಕು. ಕೆಳಮನೆಯಲ್ಲಿ ಗಡಿಯಾರ ನೋಡಿ ಚರ್ಚೆ ಕತ್ತರಿಸುತ್ತಾರೆ, ಇಲ್ಲಿ ಹಾಗಿಲ್ಲ. ಮಸೂದೆಗೆ ಸಂಬಂಧಪಟ್ಟ ಯಾವ ತಿದ್ದುಪಡಿಯನ್ನು ಯಾವ ಸದಸ್ಯರು ತಂದರೂ ಚರ್ಚೆಗೆ ಅವಕಾಶವಿದೆ. ನಮ್ಮ ವಿಧಾನ ಪರಿಷತ್ತನ್ನು ಚಿಂತಕರ ಚಾವಡಿ ಎಂದು ಕರೆಯುವ ರೂಢಿಯಿದೆಯಲ್ಲ. ಅಲ್ಲಿನ 75 ಸ್ಥಾನಗಳಲ್ಲಿ ನಾಮನಿರ್ದೇಶನದ 11 ಸಾಹಿತ್ಯ, ಕಲೆ, ವಿಜ್ಞಾನ, ಸಹಕಾರ, ಸಮಾಜಸೇವೆಯವರಿಗೆಂದೇ ಇವೆ. ಆ ಹೆಸರಿಗೆ ಒಪ್ಪುವ ಕೆಲಸವನ್ನು ನಾನು ಕಂಡದ್ದು, ಹೇಳಲು ಮುಜುಗರವಾದರೂ, ಯಾರೂ ಆರಿಸದ ಆ ಕೆಂಪು ಮನೆಯಲ್ಲಿ.

2024ರ ಸೆಪ್ಟೆಂಬರ್‌ನಲ್ಲಿ ಲೇಬರ್ ಸರ್ಕಾರ ಉಳಿದ ವಂಶಸ್ಥರನ್ನೂ ಕಳುಹಿಸುವ ಮಸೂದೆ ತಂದಿತು. ಉಪಚುನಾವಣೆಗಳು ಅದಕ್ಕೂ ಮೊದಲೇ, ಜುಲೈನಲ್ಲೇ ನಿಂತಿದ್ದವು. ವಂಶಸ್ಥರು ಹೋಗಬೇಕಾದವರೇ, ನನಗೆ ಅನುಮಾನವಿಲ್ಲ. ಆದರೆ ಅವರಲ್ಲಿ ಕೆಲವರು ಮಸೂದೆಗಳನ್ನು ಸಾಲುಸಾಲಾಗಿ ಓದಿಕೊಂಡು ಬರುತ್ತಿದ್ದವರು. ಆ ಜಾಗಕ್ಕೆ ಪಕ್ಷಕ್ಕೆ ದೇಣಿಗೆ ಕೊಟ್ಟವರು ಬಂದರೆ?

ಹೊರಡುವ ಹಿಂದಿನ ದಿನ ಮಾವ ಸಾರ್ವಜನಿಕರ ಗ್ಯಾಲರಿಗೆ ಕರೆದೊಯ್ದರು. ಕೆಳಗೆ ಕೆಂಪು ಬೆಂಚುಗಳು ಮುಕ್ಕಾಲು ಖಾಲಿ. ವಯಸ್ಸಾದ ಸದಸ್ಯರೊಬ್ಬರು ಕಾಗದ ಹಿಡಿದು ನಿಂತಿದ್ದರು. ಮಸೂದೆಯ ಒಂದು ಕಲಮಿನಲ್ಲಿ ಮಂತ್ರಿಗಳು 'ಮಾಡಬಹುದು' ಎಂದಿರುವುದನ್ನು 'ಮಾಡತಕ್ಕದ್ದು' ಎಂದು ಬದಲಿಸಬೇಕೆಂಬುದು ಅವರ ವಾದ. ಆ ಒಂದು ಪದಕ್ಕಾಗಿ ಇಪ್ಪತ್ತು ನಿಮಿಷ ಮಾತಾಡಿದರು. ಮಂತ್ರಿ ಎದ್ದು, ಪರಿಶೀಲಿಸುತ್ತೇವೆ ಎಂದರು. ಮುದುಕರು ಧನ್ಯವಾದ ಹೇಳಿ, ತಿದ್ದುಪಡಿಯನ್ನು ಸದ್ಯಕ್ಕೆ ಹಿಂದಕ್ಕೆ ಪಡೆದು, ಕೂತು ಕನ್ನಡಕ ಒರೆಸಿಕೊಂಡರು.

"ಮುಂದಿನ ಹಂತದಲ್ಲಿ ಮತ್ತೆ ತರ್ತಾರೆ ನೋಡು" ಎಂದು ಮಾವ ಮಫ್ಲರ್ ಸುತ್ತಿಕೊಂಡರು. ಆಗಲೇ ಕತ್ತಲಾಗಿತ್ತು. ಕೆಂಪು ಸೇತುವೆಯ ಮೇಲೆ ನಡೆದು ಬಸವಣ್ಣನ ಕಡೆಯ ದಂಡೆಗೆ ಬಂದೆವು.