ಮೈದಾನ ಕಟ್ಟಿದರೆ ಸಾಕೇ? ಜನ ಮನೆ ಸೇರುವುದು ಹೇಗೆ?

ದೊಡ್ಡ ಪಂದ್ಯ ಬಂತೆಂದರೆ ನಮ್ಮ ತರಗತಿಯಲ್ಲಿ ಚರ್ಚೆ ಒಂದೇ: ಯಾರು ಗೆಲ್ಲುತ್ತಾರೆ? ಯಾರೂ ಕೇಳದ ಇನ್ನೊಂದು ಪ್ರಶ್ನೆಯೂ ಇದೆ. ಅಷ್ಟು ಜನ ಮೈದಾನಕ್ಕೆ ಬರುವುದು, ಒಳಗೆ ಹೋಗುವುದು, ಮತ್ತೆ ಮನೆ ಸೇರುವುದು ಹೇಗೆ? ಇದಕ್ಕೆ ಉತ್ತರ ಸಿದ್ಧವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್ 4ರಂದು ಬೆಂಗಳೂರು ನೋಡಿತು. ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತವಾಗಿ 11 ಜನ ತೀರಿಕೊಂಡರು. ಬಹುತೇಕರು ನಮ್ಮ ಅಣ್ಣ-ಅಕ್ಕಂದಿರ ವಯಸ್ಸಿನವರು.

ತೊಂದರೆ ಎಲ್ಲಿತ್ತು?

ಚಿನ್ನಸ್ವಾಮಿಯಲ್ಲಿ ಸುಮಾರು 35,000 ಜನ ಕೂರಬಹುದು. ಅಂದು ಬಂದವರು ಎರಡು ಮೂರು ಲಕ್ಷ ಎಂದು ಸರ್ಕಾರವೇ ಹೇಳಿತು. ಅಂದು ನಮ್ಮ ಮೆಟ್ರೋದಲ್ಲಿ 9.6 ಲಕ್ಷಕ್ಕೂ ಹೆಚ್ಚು ಜನ ಓಡಾಡಿದರು. ನೂಕುನುಗ್ಗಲು ಹೆಚ್ಚಾಗಿ, ಹತ್ತಿರದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ರೈಲು ನಿಲ್ಲಿಸುವುದನ್ನೇ ಬಿಡಬೇಕಾಯಿತು.

ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ, ಈ ಕ್ರೀಡಾಂಗಣದ ವಿನ್ಯಾಸವೇ ಭಾರೀ ಜನಸಂದಣಿಗೆ ಸುರಕ್ಷಿತವಲ್ಲ ಎಂದಿತು. ಇಲ್ಲಿನ ಬಾಗಿಲುಗಳು ನೇರವಾಗಿ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ. ಸಾಲು ನಿಲ್ಲಲು ಬೇರೆ ಜಾಗವಿಲ್ಲ; ಸಾಲು ಬೆಳೆದರೆ ರಸ್ತೆಗೇ ಇಳಿಯಬೇಕು. 1974ರಲ್ಲಿ ಮೊದಲ ಟೆಸ್ಟ್ ಕಂಡ ಈ ಮೈದಾನದ ಸುತ್ತ ಈಗ ಊರು ತುಂಬಿಕೊಂಡಿದೆ. ಆ ವರ್ಷವೇ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು.

ಬಾಗಿಲಿನ ಲೆಕ್ಕ

ಕ್ರೀಡಾಂಗಣಗಳ ಸುರಕ್ಷತೆಗೆ ಬ್ರಿಟನ್ನಿನಲ್ಲಿ 'ಗ್ರೀನ್ ಗೈಡ್' ಎಂಬ ಕೈಪಿಡಿಯಿದೆ. ಅದರ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹೊರಬರಬಹುದು. ಎಲ್ಲರೂ 8 ನಿಮಿಷದೊಳಗೆ ಹೊರಗಿರಬೇಕು. 35,000 ಜನರಿಗೆ ಲೆಕ್ಕ ಹಾಕಿ ನೋಡಿದೆ: ಎಲ್ಲ ಬಾಗಿಲುಗಳನ್ನು ಕೂಡಿಸಿದರೆ 53 ಮೀಟರಿಗಿಂತ ಹೆಚ್ಚು ಅಗಲ ಬೇಕು. ಅಂದರೆ ಮೂರು ಮೀಟರಿನ 18 ಬಾಗಿಲು, ಅವೆಲ್ಲವೂ ತೆರೆದಿರಬೇಕು.

ಒಳಗೆ ಹೋಗುವುದು ಇನ್ನೂ ನಿಧಾನ. ಟಿಕೆಟ್ ನೋಡಿ ಒಬ್ಬೊಬ್ಬರನ್ನೇ ಬಿಡುವ ಗೇಟಿನಲ್ಲಿ ಗಂಟೆಗೆ 660 ಜನರಿಗಿಂತ ಹೆಚ್ಚು ಲೆಕ್ಕ ಹಿಡಿಯಬಾರದು ಎನ್ನುತ್ತದೆ ಅದೇ ಕೈಪಿಡಿ. ಹಿಂದಿನವರು ತಳ್ಳಿದರೆ ಈ ವೇಗ ಹೆಚ್ಚುವುದಿಲ್ಲ, ಮುಂದಿನವರ ಎದೆಯ ಮೇಲೆ ಒತ್ತಡ ಹೆಚ್ಚುತ್ತದೆ. ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ನಿಂತಲ್ಲೇ ಉಸಿರು ಕಟ್ಟಿ.

ಹೊಸ ಮೈದಾನ, ಹಳೆಯ ಪ್ರಶ್ನೆ

ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣ ಕಟ್ಟುವ ಯೋಜನೆಗೆ ಸರ್ಕಾರ ಒಪ್ಪಿದೆ. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಅಲ್ಲಿ ಜಾಗವಿದೆ. ಬೊಮ್ಮಸಂದ್ರದವರೆಗೆ ಮೆಟ್ರೋ ಹಳದಿ ಮಾರ್ಗವೂ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಹಾಗಾದರೆ ಸಮಸ್ಯೆ ಮುಗಿಯಿತೇ?

ಆರು ಬೋಗಿಯ ಒಂದು ಮೆಟ್ರೋ ರೈಲಿನಲ್ಲಿ ಸುಮಾರು 2,000 ಜನ ಹಿಡಿಯುತ್ತಾರೆ ಎಂದಿಟ್ಟುಕೊಳ್ಳೋಣ. ಈ ಮಾರ್ಗ ಆರಂಭವಾದಾಗ 25 ನಿಮಿಷಕ್ಕೊಂದು ರೈಲು ಇತ್ತು. ಆ ಲೆಕ್ಕದಲ್ಲಿ ಗಂಟೆಗೆ 4,800 ಜನ. ಪ್ರೇಕ್ಷಕರಲ್ಲಿ ಅರ್ಧದಷ್ಟು, ಅಂದರೆ 40,000 ಜನ ಮೆಟ್ರೋ ಹಿಡಿದರೆ ಎಲ್ಲರೂ ಹೊರಡಲು ಎಂಟು ಗಂಟೆಗೂ ಹೆಚ್ಚು ಬೇಕು! ಐದು ನಿಮಿಷಕ್ಕೊಂದು ರೈಲು ಬಿಟ್ಟರೆ ಅದೇ ಕೆಲಸ ಒಂದು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೊಮ್ಮಸಂದ್ರ ಕೊನೆಯ ನಿಲ್ದಾಣವಾದ್ದರಿಂದ ಎಲ್ಲರೂ ಹೋಗಬೇಕಾದದ್ದು ಒಂದೇ ದಿಕ್ಕಿಗೆ ಎಂಬುದೂ ನೆನಪಿರಲಿ. ಹಳಿ ಇದ್ದರೆ ಸಾಲದು, ಪಂದ್ಯ ಮುಗಿಯುವ ಹೊತ್ತಿಗೆ ರೈಲೂ ಇರಬೇಕು.

ಚೆನ್ನೈನಲ್ಲಿ 2023ರ ಐಪಿಎಲ್‌ನಲ್ಲಿ ಪಂದ್ಯದ ಟಿಕೆಟ್ ತೋರಿಸಿದವರಿಗೆ ಮೆಟ್ರೋ ಪ್ರಯಾಣ ಉಚಿತವಾಗಿತ್ತು. ಪ್ರಯಾಣವನ್ನೂ ಪಂದ್ಯದ ಭಾಗ ಎಂದುಕೊಂಡರೆ ಬೈಕು, ಕಾರು ತಾವಾಗಿಯೇ ಕಡಿಮೆಯಾಗುತ್ತವೆ.

ನಮ್ಮೂರಿಗೆ ಬಂದರೆ

ಸತತ ಎರಡು ವರ್ಷ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಆರ್. ವಿನಯ್ ಕುಮಾರ್ ನಮ್ಮವರು. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದೇ ಹೆಸರಾದವರು. ಇಂಥ ಊರಿನಲ್ಲಿ ಇಂದಲ್ಲ ನಾಳೆ ದೊಡ್ಡ ಮೈದಾನದ ಮಾತು ಬಂದೇ ಬರುತ್ತದೆ. ನಮ್ಮಲ್ಲಿ ಮೆಟ್ರೋ ಇಲ್ಲ, ಇರುವುದು ಬಸ್ಸು, ಆಟೋ, ರೈಲು. ಒಂದು ಬಸ್ಸಿಗೆ 50 ಜನ ಎಂದರೆ 10,000 ಪ್ರೇಕ್ಷಕರಿಗೆ 200 ಟ್ರಿಪ್ ಬೇಕು. ನಾನು ದಿನಾ ಹರಿಹರದಿಂದ ಕಾಲೇಜಿಗೆ ಬರುವವನು. ಬರೀ ಹದಿನಾಲ್ಕು ಕಿಲೋಮೀಟರ್ ದಾರಿ, ಆದರೂ ಕಾಲೇಜು ಬಿಡುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಪಂದ್ಯ ಮುಗಿದರೆ ಹರಿಹರದವರು ಏನು ಮಾಡಬೇಕು? ಅಕ್ಕ-ತಂಗಿಯರನ್ನು ಕರೆದುಕೊಂಡು ಹೋದವರು ಏನು ಮಾಡಬೇಕು?

ಜನರನ್ನು ಸರಾಗವಾಗಿ ಸಾಗಿಸುವ ಉಪಾಯ ನಮಗೆ ಹೊಸದೇನಲ್ಲ. ಹಬ್ಬದ ನಮಾಜಿಗೆ ಈದ್ಗಾಕ್ಕೆ ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ ಹಿಡಿಯುವುದು ಸುನ್ನತ್. ಹೋಗುವವರೂ ಬರುವವರೂ ಎದುರುಬದುರಾಗದಿದ್ದರೆ ನೂಕಾಟವೂ ಕಡಿಮೆ. ಮೈದಾನಕ್ಕೂ ಇದೇ ಸೂತ್ರ ಸಲ್ಲುತ್ತದೆ.

ಹಾಗಾಗಿ ಯಾರಾದರೂ 'ಇಷ್ಟು ಸಾವಿರ ಆಸನದ ಮೈದಾನ' ಎಂದಾಗ ಚಪ್ಪಾಳೆಗೆ ಮೊದಲು ನಾವು ನಾಲ್ಕು ಪ್ರಶ್ನೆ ಕೇಳೋಣ. ಸಾಲು ನಿಲ್ಲಲು ರಸ್ತೆಯಿಂದ ಬೇರೆಯಾದ ಜಾಗ ಎಲ್ಲಿದೆ? ಬಾಗಿಲುಗಳ ಒಟ್ಟು ಅಗಲ ಎಷ್ಟು? ಆಂಬುಲೆನ್ಸಿಗೆ ಯಾವ ದಾರಿ? ಕೊನೆಯ ಬಸ್ಸು ಎಷ್ಟು ಹೊತ್ತಿಗೆ?